ಕುಂಬಳಕಾಯಿಯಲ್ಲಿ ಚಾಕು ಸಿಕ್ಕಿಕೊಂಡಿದೆ, ಈಗ ಏನು ಮಾಡಲಿ?

ಕ್ಯಾತ್ಸಂದ್ರದ ಸೊಸೆ · ಬೆಳಗ್ಗೆ 10:05

ನಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ. ಮಧುಗಿರಿ ಕಡೆಯ ಅತ್ತೆ ಮನೆಯಿಂದ ನಿನ್ನೆ ಬಸ್ಸಿನಲ್ಲಿ ಒಂದು ಸಿಹಿಗುಂಬಳಕಾಯಿ ಬಂತು. ಮನೆಯಲ್ಲಿ ತಕ್ಕಡಿ ಇಲ್ಲ. ಅದನ್ನು ಎತ್ತಿಕೊಂಡು ತೂಕದ ಮಷೀನ್ ಮೇಲೆ ನಿಂತೆ, ಆಮೇಲೆ ಕೆಳಗಿಟ್ಟು ನಾನೊಬ್ಬಳೇ ನಿಂತೆ. ಕಳೆದರೆ 9 ಕೆಜಿ. ಬಳ್ಳಿ ಒಣಗುವ ತನಕ ಹೊಲದಲ್ಲೇ ಬಿಟ್ಟಿದ್ದ ಕಾಯಿ. ಸಿಪ್ಪೆಗೆ ಉಗುರು ಕೂಡ ಇಳಿಯುವುದಿಲ್ಲ.

ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು, ಇದ್ದುದರಲ್ಲಿ ದೊಡ್ಡ ಚಾಕು ಹಿಡಿದು ತೊಟ್ಟಿನ ಪಕ್ಕದಲ್ಲಿ ಅದುಮಿದೆ. ಎರಡು ಇಂಚು ಇಳಿಯಿತು. ಅಲ್ಲೇ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಳೆದರೆ ಚಾಕುವಿನ ಜೊತೆ ಇಡೀ ಕಾಯಿಯೇ ಎದ್ದು ಬರುತ್ತಿದೆ. ಒಮ್ಮೆ ಜೋರಾಗಿ ಎಳೆದಾಗ ಉರುಳಿಕೊಂಡು ಹೋಗಿ ಸಿಂಕಿಗೆ ಬಡಿಯಿತು. ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ಗೀರು ಬಿದ್ದಿದೆ.

ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರು, ಬರುವುದು ರಾತ್ರಿ 8ಕ್ಕೆ. ಸಂಜೆ ನಾಲ್ಕು ಜನ ನೆಂಟರು ಬರುತ್ತಾರೆ. ಕುಂಬಳಕಾಯಿ ಹುಳಿ ಮಾಡುತ್ತೇನೆ ಅಂತ ಬಾಯಿ ಬಿಟ್ಟು ಹೇಳಿಬಿಟ್ಟಿದ್ದೇನೆ. ಯಾರಾದರೂ ದಾರಿ ಹೇಳಿ.

ಚಿಂತಾಮಣಿ ಹುಡುಗ · 10:09

ಚಾಕು ಸಮೇತ ಷೋಕೇಸಿನಲ್ಲಿ ಇಟ್ಟುಬಿಡಿ ಅಕ್ಕ. ಬಂದವರು ನೋಡಿ ಹೆದರಿಕೊಂಡು ಕಾಫಿ ಕುಡಿದು ಹೋಗುತ್ತಾರೆ.

ಕೋಲಾರದ ನರ್ಸಕ್ಕ · 10:14

ಹುಡುಗ, ಸುಮ್ನಿರು. ಅಕ್ಕ, ಮೊದಲು ಆ ಗೀರನ್ನು ಸೋಪು ಹಾಕಿ ನಲ್ಲಿ ನೀರಿನಲ್ಲಿ ತೊಳೆದಿರಾ? ಆಳ ಇದೆಯಾ? ಹೆಬ್ಬೆರಳು ಪೂರ್ತಿ ಮಡಚಿ, ಪೂರ್ತಿ ಚಾಚಿ ನೋಡಿ. ತುದಿ ಜೋಮು ಹಿಡಿದ ಹಾಗೆ ಇದೆಯಾ ಅಂತಲೂ ಹೇಳಿ. ಕುಂಬಳಕಾಯಿ ಕಾಯುತ್ತದೆ.

ಕ್ಯಾತ್ಸಂದ್ರದ ಸೊಸೆ · 10:17

ತೊಳೆದೆ ಅಕ್ಕ. ಚರ್ಮ ಮಾತ್ರ ಹೋಗಿದೆ, ರಕ್ತ ನಿಂತಿದೆ. ಬೆರಳು ಚೆನ್ನಾಗಿ ಮಡಚುತ್ತದೆ, ಜೋಮು ಇಲ್ಲ. ಬ್ಯಾಂಡೇಜ್ ಹಾಕಿದ್ದೇನೆ.

ತಿಪಟೂರು ಕೊಬ್ಬರಿ · 10:22

ಚಾಕು ತೆಗೆಯುವ ವಿಷಯಕ್ಕೆ ಬರೋಣ. ನಮ್ಮಲ್ಲಿ ತೆಂಗಿನ ಕಟ್ಟಿಗೆಯಲ್ಲಿ ಕೊಡಲಿ ಸಿಕ್ಕಿಕೊಂಡರೂ ಇದೇ ಕಥೆ. ಎರಡೂ ಕಡೆಯಿಂದ ತಿರುಳು ಅಲಗನ್ನು ಅಮುಕಿ ಹಿಡಿದಿದೆ. ನೀವು ಎಳೆದಷ್ಟೂ ಬಿಡುವುದಿಲ್ಲ. ಬಿಟ್ಟಾಗ ಒಮ್ಮೆಗೇ ಬಿಡುತ್ತದೆ, ಅಪಾಯ ಇರುವುದೇ ಅಲ್ಲಿ.

ಕಾಯಿಯನ್ನು ಕಟ್ಟೆಯಿಂದ ನೆಲಕ್ಕೆ ಇಳಿಸಿ. ಎರಡೂ ಕೈ ಕಾಯಿಯ ತಳಕ್ಕೆ ಕೊಟ್ಟು ಎತ್ತಬೇಕು, ಅಲಗಿನ ಬಾಯಿ ಆಚೆ ಕಡೆಗಿರಲಿ. ಒಂದು ಗೋಣಿಚೀಲವನ್ನು ಒದ್ದೆ ಮಾಡಿ ಮಡಚಿ ಅದರ ಮೇಲೆ ಕಾಯಿ ಇಡಿ. ಈಗ ಸೀಳಿನಲ್ಲಿ, ಅಲಗಿನಿಂದ ಎರಡು ಬೆರಳು ದೂರದಲ್ಲಿ, ಮರದ ಸೌಟಿನ ಹಿಡಿ ಅಥವಾ ತೆಳ್ಳಗಿನ ಮರದ ಚಕ್ಕೆ ಇಟ್ಟು ಲಟ್ಟಣಿಗೆಯಲ್ಲಿ ಮೆಲ್ಲಗೆ ಬಡಿಯಿರಿ. ಸೀಳು ಒಂದು ಕೂದಲೆಳೆಯಷ್ಟು ಅಗಲವಾದರೆ ಸಾಕು, ಅಲಗು ಸಡಿಲವಾಗುತ್ತದೆ. ಆಮೇಲೆ ಹಿಡಿಯನ್ನು ಮೇಲೆ ಕೆಳಗೆ ಆಡಿಸುತ್ತಾ ತೆಗೆಯಿರಿ. ಪಕ್ಕಕ್ಕೆ ಮಾತ್ರ ತಿರುಚಬೇಡಿ. ತೆಳು ಸ್ಟೀಲಿನ ಚಾಕು ಪಟ್ ಅಂತ ಮುರಿಯುತ್ತದೆ, ಮುರಿದ ಚೂರು ಎಲ್ಲಿ ಹಾರುತ್ತದೋ ಗೊತ್ತಿಲ್ಲ.

ಗುಬ್ಬಿ ಅಜ್ಜಿ · 10:31

ಮಗಳೇ, ಕೈಗೆ ಏನೂ ಆಗಲಿಲ್ಲವಲ್ಲ, ಸದ್ಯ. ಬೇಜಾರು ಮಾಡಿಕೊಳ್ಳಬೇಡ, ಇಡೀ ಕುಂಬಳಕಾಯಿಯನ್ನು ಹೆಣ್ಣುಮಕ್ಕಳು ಒಡೆಯಬಾರದು. ಗಂಡಸರ ಕೈಲಿ ಮೊದಲು ಒಂದು ಗಾಯ ಮಾಡಿಸಿ ಆಮೇಲೆ ನಾವು ಹೆಚ್ಚುವುದು. ನಮ್ಮತ್ತೆ ಕಾಲದಿಂದ ಹಾಗೇ. ಪಕ್ಕದ ಮನೆಯವರನ್ನು ಯಾರನ್ನಾದರೂ ಕರೆ.

ಬಂಗಾರಪೇಟೆ ಪಾನಿಪೂರಿ · 10:36

ಅಜ್ಜಿ, 2 ಇಂಚು ಗಾಯ ಆಗಲೇ ಆಗಿಹೋಗಿದೆ. ಇನ್ನು ಯಾರು ಮಾಡಿದರೇನು? ಗಂಡಸರು ಊರಲ್ಲಿ ಇಲ್ಲದ ಮನೆಯಲ್ಲಿ ಹುಳಿ ಮಾಡಬಾರದಾ?

ಗೌರಿಬಿದನೂರು ಮೇಷ್ಟ್ರು · 10:44

ಅಜ್ಜಿ ಹೇಳಿದ ಪದ್ಧತಿ ನಮ್ಮ ಕಡೆಯ ಬಹಳ ಮನೆಗಳಲ್ಲಿ ಇದೆ. ಆದರೆ ಅದು ಮುಖ್ಯವಾಗಿ ಬೂದುಗುಂಬಳಕ್ಕೆ ಸೇರಿದ್ದು. ಬಲಿಯ ಬದಲಿಗೆ ಒಡೆಯುವ ಕಾಯಿ ಅದು. ಆಯುಧ ಪೂಜೆಗೆ ಗಾಡಿ ಮುಂದೆ ಕುಂಕುಮ ತುಂಬಿ ಒಡೆಯುತ್ತೇವಲ್ಲ, ಅದೇ. (ಒಡೆದ ಚೂರುಗಳನ್ನು ದಯವಿಟ್ಟು ರಸ್ತೆಯಿಂದ ಎತ್ತಿಹಾಕಿ. ಮಾರನೇ ದಿನ ಬೈಕಿನವರು ಜಾರಿ ಬೀಳುವುದನ್ನು ವರ್ಷಾ ವರ್ಷ ನೋಡುತ್ತೇನೆ.) ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯೂ ಆ ಕಾಯಿಯದ್ದೇ. ಹೆಗಲಿಗೆ ಬಿಳಿ ಬೂದಿ ಅಂಟುವುದು ಅದರಿಂದ ಮಾತ್ರ.

ಸಿಹಿಗುಂಬಳ ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆಯೇ ಹಡಗು ಹತ್ತಿ ನಮ್ಮ ಕಡೆಗೆ ಬಂದದ್ದು. ಮೆಣಸಿನಕಾಯಿ, ಟೊಮೆಟೊ ಬಂದ ಹಾಗೆ. ಹೆಸರು ಒಂದೇ ಆದದ್ದರಿಂದ ಪದ್ಧತಿಯೂ ಇದಕ್ಕೆ ಅಂಟಿಕೊಂಡಿತು ಅಂತ ನನಗೆ ಅನ್ನಿಸುತ್ತದೆ.

ಗುಬ್ಬಿ ಅಜ್ಜಿ · 10:50

ಮೇಷ್ಟ್ರೇ, ಎಲ್ಲಿಂದಲೇ ಬರಲಿ, ನಮ್ಮ ಮನೆಗೆ ಬಂದ ಮೇಲೆ ನಮ್ಮ ಮನೆಯ ಕಾಯಿ.

ಕ್ಯಾತ್ಸಂದ್ರದ ಸೊಸೆ · 10:53

ಅಜ್ಜಿ, ಪಕ್ಕದ ಮನೆಯಲ್ಲಿ ಈಗ ಇರುವ ಗಂಡಸಿಗೆ ನಾಲ್ಕು ವರ್ಷ. ಪ್ಯಾಂಟ್ ಹಾಕಿಕೊಳ್ಳುವುದಕ್ಕೇ ಅಮ್ಮ ಬೇಕು.

ಗುಬ್ಬಿ ಅಜ್ಜಿ · 10:55

ಆಗಲಿ ಬಿಡು, ಅವನೇ ಸಾಕು. ಕಾಯಿಗೆ ಅರಿಶಿನ ಕುಂಕುಮ ಹಚ್ಚಿಸು. ಮಿಕ್ಕಿದ್ದು ನೀನು ಮಾಡು.

ಕೋಲಾರದ ನರ್ಸಕ್ಕ · 10:56

ಕುಂಕುಮ ಹಚ್ಚಿದ ತಕ್ಷಣ ಆ ಗಂಡಸನ್ನು ಅವರಮ್ಮನ ಹತ್ತಿರ ಕಳುಹಿಸಿ. ಹೆಚ್ಚುವಾಗ ಮಕ್ಕಳು ಅಡುಗೆಮನೆಯಲ್ಲಿ ಇರಬಾರದು.

ಅಡುಗೆ ಭಟ್ಟ, ಮುಳಬಾಗಿಲು · 11:10

ಈಗ ನೋಡಿದೆ. ಮೇಡಂ, ನಾನು ಮದುವೆ ಅಡುಗೆಗೆ ಹೋಗುವವನು. 500 ಜನದ ಊಟ ಅಂದರೆ ನಮಗೆ ಕುಂಬಳಕಾಯಿ ಗೋಣಿ ಲೆಕ್ಕದಲ್ಲಿ ಬರುತ್ತದೆ. ನಮ್ಮ ಕಡೆ ಅರ್ಧ ಜನ ಗುಮ್ಮಡಿಕಾಯಿ ಅನ್ನುತ್ತಾರೆ. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನ ಹೇಳಿಕೊಡುವುದು ಒಂದೇ ಮಾತು: ಎತ್ತಿ ಹೊಡೆಯಬೇಡ, ಇಟ್ಟು ಬಡಿ. ಎತ್ತಿ ಹೊಡೆದ ಮಚ್ಚು ಎಲ್ಲಿ ಬೀಳುತ್ತದೆ ಅಂತ ಹೊಡೆದವನಿಗೇ ಗೊತ್ತಿರುವುದಿಲ್ಲ. ಸಿಪ್ಪೆ ಗಟ್ಟಿ, ಮೈ ನುಣುಪು, ಆಕಾರ ದುಂಡು. ಜಾರುವುದಕ್ಕೆ ಇನ್ನೇನು ಬೇಕು ಹೇಳಿ.

ನಿಮಗೆ ಮೊದಲು ಕೈಕೊಟ್ಟದ್ದು ಆ ಗ್ರಾನೈಟ್ ಕಟ್ಟೆ. ಕಟ್ಟೆಯೇ ಸೊಂಟದ ಎತ್ತರ ಇರುತ್ತದೆ. ಅದರ ಮೇಲೆ ಒಂದು ಅಡಿ ಕಾಯಿ ಇಟ್ಟರೆ ಚಾಕು ನಿಮ್ಮ ಎದೆಯ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಮೈ ಭಾರ ಬೀಳುವುದಿಲ್ಲ, ತೋಳಿನ ಬಲದಲ್ಲಿ ಅದುಮಬೇಕು. ನಾವೆಲ್ಲ ಕೆಳಗೇ ಕೆಲಸ ಮಾಡುವುದು ಅದಕ್ಕೇ. ನೆಲದ ಮೇಲೆ ಮರದ ಮಣೆ. ಮಣೆಯ ಅಡಿಗೆ ಒದ್ದೆ ಬಟ್ಟೆ, ಇಲ್ಲದಿದ್ದರೆ ಟೈಲ್ಸ್ ಮೇಲೆ ಮಣೆಯೇ ಜಾರುತ್ತದೆ. ಮಣೆಯ ಮೇಲೆ ಹಳೆಯ ಟವೆಲನ್ನು ಸುತ್ತಿ ಸಿಂಬಿ ಮಾಡಿ. ಬಿಂದಿಗೆ ಹೊರಲು ತಲೆ ಮೇಲೆ ಇಡುತ್ತಿದ್ದೆವಲ್ಲ, ಅಂಥದ್ದೇ, ಸ್ವಲ್ಪ ದೊಡ್ಡದು. ಕಾಯಿಯನ್ನು ಅದರಲ್ಲಿ ಕೂರಿಸಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಚಾಕು ಮುಟ್ಟಲೇಬೇಡಿ, ಸಿಂಬಿ ಬಿಗಿ ಮಾಡಿ.

ನೀವು ಕೂರುವುದು ಚಿಕ್ಕ ಸ್ಟೂಲಿನ ಮೇಲೆ. ಕಾಯಿಯನ್ನು ಎರಡು ಕಾಲ ಮಧ್ಯೆ ಸಿಕ್ಕಿಸಿಕೊಂಡು ಹೆಚ್ಚುವವರನ್ನು ನೋಡಿದ್ದೇನೆ, ನೋಡಿದರೇ ಮೈ ಜುಂ ಅನ್ನುತ್ತದೆ. ಕಾಲು ಪಕ್ಕಕ್ಕೆ ಇರಲಿ, ಚಾಕು ಜಾರಿದರೆ ಹೋಗುವ ದಾರಿಯಲ್ಲಿ ಏನೂ ಇರಬಾರದು.

ತೊಟ್ಟನ್ನು ಮೊದಲು ತೆಗೆಯಿರಿ. ಒಣಗಿದ ತೊಟ್ಟು ಕಟ್ಟಿಗೆ ಇದ್ದ ಹಾಗೆ, ಅದರ ಬುಡಕ್ಕೆ ಚಾಕು ಹಾಕಿದ್ದರಿಂದಲೇ ನಿಮ್ಮದು ಸಿಕ್ಕಿಕೊಂಡದ್ದು. ಪಕ್ಕದಿಂದ ಗುಂಡುಕಲ್ಲಿನಲ್ಲಿ ಎರಡು ಏಟು ಹಾಕಿದರೆ ಕಳಚಿ ಬರುತ್ತದೆ. ಬರದಿದ್ದರೆ ಬಿಡಿ, ಪಕ್ಕದಲ್ಲಿ ದಾರಿ ಮಾಡಿಕೊಳ್ಳೋಣ.

ಕಾಯಿಯ ಮೈಮೇಲೆ ಮೇಲಿನಿಂದ ಕೆಳಗೆ ಏರು ಹಳ್ಳ ಇರುತ್ತದೆ ಅಲ್ವಾ, ಹಳ್ಳದಲ್ಲಿ ಚಾಕು ಇಡಿ. ಏರಿನ ಮೇಲೆ ಇಟ್ಟರೆ ಪಕ್ಕಕ್ಕೆ ಜಾರುತ್ತದೆ. ಇಡೀ ಅಲಗನ್ನು ಒಮ್ಮೆಗೇ ಇಳಿಸಲು ಹೋಗಬೇಡಿ. ಮೊನೆಯನ್ನು ಕಾಯಿಯ ಹೊಟ್ಟೆಗೆ, ಸುಮಾರು ಅರ್ಧ ಎತ್ತರದಲ್ಲಿ ಇಟ್ಟು, ಚಾಕುವಿನ ಬೆನ್ನಿಗೆ ಲಟ್ಟಣಿಗೆಯಲ್ಲಿ ತಟ್ಟಿ. ಮೊನೆ ಒಳಗಿನ ಪೊಳ್ಳಿಗೆ ತಲುಪಿದ ಮೇಲೆ ಹಿಡಿಯನ್ನು ಕೆಳಕ್ಕೆ ಇಳಿಸುತ್ತಾ ಬನ್ನಿ. ಅಡಕತ್ತರಿ ಅಡಿಕೆ ಕತ್ತರಿಸುತ್ತದಲ್ಲ, ಅದೇ ಲೆಕ್ಕ. ಬಲ ಸನ್ನೆಯದ್ದು, ನಿಮ್ಮ ತೋಳಿನದ್ದಲ್ಲ. ಎಡಗೈ ಯಾವಾಗಲೂ ಅಲಗಿನ ಹಿಂದೆ ಅಥವಾ ಮೇಲೆ. ಚಾಕುವಿನ ಬೆನ್ನ ಮೇಲೆ ಮಡಚಿದ ಬಟ್ಟೆ ಹಾಕಿ ಅಂಗೈಯಲ್ಲಿ ಒತ್ತಿದರೂ ಆಯಿತು. ಅಲಗಿನ ಮುಂದೆ ಮಾತ್ರ ಕೈ ಬೇಡ.

ಕಿವಿ ಕೊಟ್ಟು ಕೇಳಿ. ತಿರುಳು ಇರುವ ತನಕ ಏಟಿನ ಶಬ್ದ ಮಂದ, ದಿಮ್ಮಿಗೆ ಬಡಿದ ಹಾಗೆ. ಪೊಳ್ಳು ಬಂತು ಅಂದರೆ ಡೊಳ್ಳಿನ ಹಾಗೆ ಶಬ್ದ ಬದಲಾಗುತ್ತದೆ. ಅಲ್ಲಿ ಕೈ ಹಗುರ ಮಾಡಬೇಕು. ಗೊತ್ತಿಲ್ಲದೆ ಅದುಮಿಕೊಂಡೇ ಇದ್ದರೆ ಚಾಕು ಧಸಕ್ ಅಂತ ಇಳಿದುಬಿಡುತ್ತದೆ, ಜೊತೆಗೆ ನೀವೂ ಮುಂದಕ್ಕೆ ಬೀಳುತ್ತೀರಿ. ನನ್ನ ಎಡಗೈ ತೋರುಬೆರಳಲ್ಲಿ ಇರುವ ಗುರುತು 19ನೇ ವಯಸ್ಸಿನದು. ಆವತ್ತು ಆಗಿದ್ದೂ ಇದೇ.

ಒಂದು ಕಡೆ ತಳದ ತನಕ ಸೀಳಿದ ಮೇಲೆ ಕಾಯಿ ತಿರುಗಿಸಿ ಇನ್ನೊಂದು ಕಡೆ. ಮೇಲೆ ಕೆಳಗೆ ಸ್ವಲ್ಪ ಉಳಿದರೆ ಉಳಿಯಲಿ. ಚಾಕು ತೆಗೆದು ದೂರ ಇಡಿ. ಎರಡೂ ಕೈ ಬೆರಳನ್ನು ಸೀಳಿಗೆ ಹಾಕಿ ಬಿಡಿಸಿದರೆ ಚರ್ರ್ ಅಂತ ಎರಡು ಹೋಳು.

ಶಿಡ್ಲಘಟ್ಟ ರೇಷ್ಮೆ · 11:18

ಭಟ್ಟರೇ, ಇಷ್ಟೆಲ್ಲ ಯಾಕೆ? ನಮ್ಮಜ್ಜಿ ಕಾಯಿಯನ್ನು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಎತ್ತಿ ಹಾಕುತ್ತಿದ್ದರು. ಧಡ್. ಮುಗೀತು. ಚೀಲ ಬಿಚ್ಚಿದರೆ ನಾಲ್ಕು ಹೋಳು.

ಅಡುಗೆ ಭಟ್ಟ, ಮುಳಬಾಗಿಲು · 11:24

ನಿಮ್ಮಜ್ಜಿ ನನಗಿಂತ ಜಾಣೆ. ಕೈ ಕುಯ್ಯುವ ಭಯವೇ ಇಲ್ಲ. ಹೋಳು ಅಡ್ಡಾದಿಡ್ಡಿ ಬರುತ್ತದೆ, ಹುಳಿಗೆ ಪರವಾಗಿಲ್ಲ. ಆದರೆ ಮೇಡಂ ಮನೆಯಲ್ಲಿ ಚಪ್ಪಡಿ ಇಲ್ಲದಿದ್ದರೆ ಬೇಡ. 9 ಕೆಜಿ ಬಿದ್ದರೆ ಟೈಲ್ಸ್ ಉಳಿಯುವುದಿಲ್ಲ.

ಬಂಗಾರಪೇಟೆ ಪಾನಿಪೂರಿ · 11:27

ಮೈಕ್ರೋವೇವಿನಲ್ಲಿ ಎರಡು ಮೂರು ನಿಮಿಷ ಇಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು. ಫೋರ್ಕಿನಲ್ಲಿ ಅಲ್ಲಲ್ಲಿ ಆಳವಾಗಿ ಚುಚ್ಚಿರಬೇಕು, ಇಲ್ಲದಿದ್ದರೆ ಒಳಗೆ ಆವಿ ತುಂಬಿ ಸಿಡಿಯುತ್ತದೆ.

ಕ್ಯಾತ್ಸಂದ್ರದ ಸೊಸೆ · 11:30

ಇದು ಮೈಕ್ರೋವೇವಿನ ಒಳಗೆ ಹೋಗುವುದಿಲ್ಲ. ಮೈಕ್ರೋವೇವೇ ಇದರ ಒಳಗೆ ಹೋಗಬಹುದು.

ಅಂದಹಾಗೆ ಚಾಕು ಬಂತು! ತಿಪಟೂರು ಅಣ್ಣ, ನಿಮಗೆ ಪುಣ್ಯ ಬರಲಿ. ಸೌಟಿನ ಹಿಡಿ ಇಟ್ಟು ಮೂರೇ ಏಟು. ಅಲಗು ನೋಡಿದರೆ ಸ್ವಲ್ಪ ಬಾಗಿದೆ. ಇದೇ ಚಾಕುವಿನಲ್ಲಿ ಮುಂದುವರಿಸಲಾ? ಮನೆಯಲ್ಲಿ ಅತ್ತೆ ಕೊಟ್ಟ ಈಳಿಗೆ ಮಣೆಯೂ ಇದೆ. ಅದರಲ್ಲಿ ಎರಡೂ ಕೈಯಲ್ಲಿ ಹಿಡಿದುಕೊಂಡು ಒತ್ತಬಹುದಲ್ವಾ?

ಅಡುಗೆ ಭಟ್ಟ, ಮುಳಬಾಗಿಲು · 11:34

ಎರಡೂ ಬೇಡ. ಬಾಗಿದ ಚಾಕು ಇನ್ನು ಟೊಮೆಟೊಗೂ ಬೇಡ, ಎಸೆಯಿರಿ. ಎಸೆಯುವಾಗ ರಟ್ಟಿನಲ್ಲಿ ಸುತ್ತಿ ಎಸೆಯಿರಿ, ಕಸ ಎತ್ತುವವರ ಕೈಯೂ ಕೈಯೇ.

ಈಳಿಗೆಯಲ್ಲಿ ಇಡೀ ಕಾಯಿ ಯಾವತ್ತೂ ಹೆಚ್ಚಬಾರದು. ಅಲಗು ನಿಂತಿರುತ್ತದೆ, ನಿಮ್ಮ ಬಲವೆಲ್ಲ ಅದರ ಕಡೆಗೇ ಹೋಗುತ್ತಿರುತ್ತದೆ. ಕಾಯಿ ಒಮ್ಮೆಗೇ ಸೀಳಿದರೆ ಎರಡೂ ಕೈ ಸೀದಾ ಅಲಗಿನ ಮೇಲೆ. ಎರಡು ಬೆರಳು ದಪ್ಪದ ಹೋಳು ಮಾಡಿಕೊಂಡ ಮೇಲೆ ಈಳಿಗೆಯಷ್ಟು ಸಲೀಸು ಯಾವುದೂ ಇಲ್ಲ. ಕೆಲಸ ಆದ ತಕ್ಷಣ ಮಲಗಿಸಿ ಇಡಿ.

ಮಚ್ಚು ಇದೆಯಾ? ತೆಂಗಿನಕಾಯಿ ಸೀಮೆಯವರು ನೀವು, ಇರಲೇಬೇಕು. ಸಾಣೆ ಹಿಡಿದದ್ದಾಗಿರಲಿ. ಮೊಂಡು ಅಲಗಿಗೆ ಜಾಸ್ತಿ ಬಲ ಹಾಕುತ್ತೀರಿ, ಜಾಸ್ತಿ ಬಲ ಹಾಕಿದರೇ ಜಾರುವುದು. ಮೊನೆ ಇಲ್ಲದ ಮಚ್ಚಾದರೆ, ಈಗಾಗಲೇ ಆಗಿರುವ ಸೀಳಿನಲ್ಲೇ ಇಟ್ಟು ಬೆನ್ನಿಗೆ ಬಡಿಯಿರಿ.

ಕ್ಯಾತ್ಸಂದ್ರದ ಸೊಸೆ · 11:37

ಮಾಲೀಕರ ಮನೆಯಲ್ಲಿ ಮಚ್ಚು ಇದೆ, ತರುತ್ತೇನೆ. ಪಕ್ಕದ ಮನೆಯ ಗಂಡಸು ಕುಂಕುಮ ಹಚ್ಚಿ ಆಯಿತು. ಕಾಯಿಗೂ, ಮಣೆಗೂ, ನನ್ನ ನೈಟಿಗೂ.

ಕೋಲಾರದ ನರ್ಸಕ್ಕ · 11:45

ಅವರು ಹೆಚ್ಚುವಷ್ಟರಲ್ಲಿ ಉಳಿದವರಿಗೆ ಒಂದು ಮಾತು. ನಮ್ಮ ಡ್ಯೂಟಿಯಲ್ಲಿ ಹಬ್ಬದ ಹಿಂದಿನ ದಿನ ಕೈ ಕುಯ್ದುಕೊಂಡು ಬರುವವರು ಇದ್ದೇ ಇರುತ್ತಾರೆ. ಬಲಗೈಯವರಿಗೆ ಗಾಯ ಆಗುವುದು ಹೆಚ್ಚಾಗಿ ಎಡಗೈಗೆ, ಕಾಯಿ ಹಿಡಿದಿದ್ದ ಕೈಗೆ. ಬರುವಾಗ ಗಾಯದ ತುಂಬ ಕಾಫಿಪುಡಿ ತುಂಬಿಕೊಂಡು ಬರುತ್ತಾರೆ. ಅದನ್ನು ತೊಳೆದು ತೆಗೆಯುವುದೇ ಒಂದು ಕೆಲಸ. ಅರಿಶಿನ, ಸಕ್ಕರೆ, ಸುಣ್ಣ, ಯಾವುದೂ ಬೇಡ.

ಶುದ್ಧವಾದ ಬಟ್ಟೆ ಮಡಚಿ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ಮಧ್ಯದಲ್ಲಿ ನಿಂತಿತಾ ಅಂತ ಎತ್ತಿ ಎತ್ತಿ ನೋಡಬೇಡಿ, ನೋಡಿದಷ್ಟೂ ಮತ್ತೆ ಸುರಿಯುತ್ತದೆ. ಕೈ ಎದೆಗಿಂತ ಮೇಲೆ ಇರಲಿ. ಬಟ್ಟೆ ಒದ್ದೆಯಾದರೆ ಅದರ ಮೇಲೇ ಇನ್ನೊಂದು. ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟುಕೊಂಡಿದ್ದರೆ, ಬೆರಳು ಮಡಚಲು ಆಗದಿದ್ದರೆ, ತುದಿ ಜೋಮು ಹಿಡಿದಿದ್ದರೆ ಆಸ್ಪತ್ರೆಗೆ. ಗಾಯ ಚಿಕ್ಕದು ಅಂತ ಬೆರಳು ಮಡಚದಿರುವುದನ್ನು ಕಡೆಗಣಿಸಬೇಡಿ. ಒಳಗೆ ಬೆರಳನ್ನು ಎಳೆಯುವ ದಾರ ತುಂಡಾಗಿರಬಹುದು, ತಡ ಮಾಡಿದಷ್ಟೂ ಹೊಲಿಯುವುದು ಕಷ್ಟ. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದಿರಿ ಅಂತ ನೆನಪಿಟ್ಟುಕೊಂಡು ಬನ್ನಿ, ಮೊದಲು ಕೇಳುವುದೇ ಅದು.

ಚಿಂತಾಮಣಿ ಹುಡುಗ · 11:49

ನರ್ಸಕ್ಕ, ನನ್ನ ಕೈಗೆ ಈಗಲೇ ನೋವು ಶುರುವಾಯಿತು.

ಶಿಡ್ಲಘಟ್ಟ ರೇಷ್ಮೆ · 12:02

ಬೆಳೆಯುವವನಾಗಿ ಎರಡು ಮಾತು. ನಾಟಿ ಕಾಯಿ 8-10 ಕೆಜಿ ಬರುವುದು ಜಾತ್ರೆಗೆ, ಮದುವೆಗೆ ಸರಿ. ಮನೆ ಖರ್ಚಿಗೆ ಬಳ್ಳಿ ಹಾಕುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ನೋಡಿ. ಕಾಯಿ 2-3 ಕೆಜಿಯ ಒಳಗೆ. ಅರ್ಕಾ ಸೂರ್ಯಮುಖಿ ಇನ್ನೂ ಚಿಕ್ಕದು, ಸುಮಾರು 1 ಕೆಜಿ. ಒಬ್ಬರೇ ಕೂತು ಹೆಚ್ಚಬಹುದು, ಒಂದೇ ಸಲಕ್ಕೆ ಖರ್ಚೂ ಆಗುತ್ತದೆ.

ಇನ್ನೊಂದು. ಹೆಚ್ಚಿದ ಮೇಲೆ ಒಂದು ಚೂರು ಹಸಿಯದ್ದನ್ನು ನಾಲಗೆಗೆ ತಾಗಿಸಿ ನೋಡಿ. ಹಾಗಲಕಾಯಿ ಥರ ಕಹಿ ಇದ್ದರೆ ಉಗಿದು ಇಡೀ ಕಾಯಿ ತಿಪ್ಪೆಗೆ ಹಾಕಿ, 9 ಕೆಜಿ ಆದರೂ ಸರಿ. ಕುಂಬಳದ ಜಾತಿಯಲ್ಲಿ ಅಪರೂಪಕ್ಕೆ ಬರುವ ಆ ಕಹಿ ವಿಷ. ಬೇಯಿಸಿದರೂ, ಬೆಲ್ಲ ಹಾಕಿದರೂ ಹೋಗುವುದಿಲ್ಲ, ವಾಂತಿ ಭೇದಿ ಹಿಡಿಯುತ್ತದೆ.

ಕ್ಯಾತ್ಸಂದ್ರದ ಸೊಸೆ · ಮಧ್ಯಾಹ್ನ 12:20

ಆಯಿತು!!!

ಭಟ್ಟರು ಹೇಳಿದ ಹಾಗೇ ಮಾಡಿದೆ. ಸಿಂಬಿ ಕಟ್ಟುವುದಕ್ಕೆ ಬರಲಿಲ್ಲ, ಮಾಲೀಕರ ಅಮ್ಮನೇ ಬಂದು ಸುತ್ತಿಕೊಟ್ಟರು. ಕಾಯಿ ಬೆಣ್ಣೆಯಲ್ಲಿ ಕೂತ ಹಾಗೆ ಕೂತಿತು. ತೊಟ್ಟು ಹೋಗಲಿಲ್ಲ, ಬಿಟ್ಟುಬಿಟ್ಟೆ. ಹಳೆಯ ಸೀಳಿಗೇ ಮಚ್ಚು ಇಟ್ಟು ಬಡಿದೆ. ಏಳೆಂಟು ಏಟಿಗೆ ಶಬ್ದ ಬದಲಾಯಿತು, ನಿಜವಾಗಿಯೂ ಡೊಳ್ಳಿನ ಹಾಗೆ! ಕೈ ಹಗುರ ಮಾಡಿದೆ. ತಿರುಗಿಸಿ ಇನ್ನೊಂದು ಕಡೆ ಬಡಿದು, ಮಚ್ಚನ್ನು ಬಾಗಿಲ ಹಿಂದೆ ಇಟ್ಟು ಬಂದು ಬಿಡಿಸಿದೆ. ಒಳಗೆ ಕೇಸರಿ ಅಂದರೆ ಕೇಸರಿ. ಬೀಜದ ನಾರಿನ ಮಧ್ಯೆ ನಾಲ್ಕು ಬೀಜ ಆಗಲೇ ಮೊಳಕೆ ಒಡೆದಿವೆ.

ನಾಲಗೆಗೆ ತಾಗಿಸಿ ನೋಡಿದೆ. ಸಿಹಿ.

ಈಗ ಸಿಪ್ಪೆ ಹೇಗೆ ತೆಗೆಯಲಿ? ಆಲೂಗಡ್ಡೆ ಸಿಪ್ಪೆ ತೆಗೆಯುವುದರಲ್ಲಿ ಪ್ರಯತ್ನಿಸಿದೆ, ಅದು ಬರೀ ಗೀಚುತ್ತಿದೆ.

ಅಡುಗೆ ಭಟ್ಟ, ಮುಳಬಾಗಿಲು · 12:26

ಹುಳಿಗೆ ಸಿಪ್ಪೆ ಯಾಕೆ ತೆಗೆಯುತ್ತೀರಿ? ಸಿಪ್ಪೆ ಇದ್ದರೇ ಹೋಳು ಕರಗದೆ ನಿಲ್ಲುವುದು. ಚೆನ್ನಾಗಿ ತೊಳೆದು ದೊಡ್ಡ ದೊಡ್ಡ ಹೋಳು ಹಾಕಿ, ಊಟ ಮಾಡುವವರು ಎಲೆಯ ಪಕ್ಕಕ್ಕೆ ಇಡುತ್ತಾರೆ. ಪಲ್ಯಕ್ಕೆ, ಹಲ್ವಕ್ಕೆ ಬೇಕಾದರೆ ತೆಗೆಯಬೇಕು.

ಹೋಳನ್ನು ಯಾವಾಗಲೂ ಕುಯ್ದ ಮುಖ ಕೆಳಗೆ ಮಾಡಿ ಮಣೆಯ ಮೇಲೆ ಕವುಚಿ ಹಾಕಿ. ಹಾಗೆ ಹಾಕಿದ ಹೋಳು ಎಲ್ಲಿಗೂ ಓಡುವುದಿಲ್ಲ. ಹಳ್ಳದ ಗುಂಟ ಉದ್ದ ಸೀಳು ಮಾಡಿ. ಸೀಳನ್ನು ಮಣೆಯ ಮೇಲೆ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಸಿಪ್ಪೆ ಇಳಿಸಿ. ಮಾವಿನಹಣ್ಣಿನ ಹಾಗೆ ಅಂಗೈಯಲ್ಲಿ ಹಿಡಿದು ಎದೆಯ ಕಡೆಗೆ ಎಳೆಯಬೇಡಿ. ಹಲ್ವಕ್ಕಾದರೆ ಇನ್ನೂ ಸುಲಭ, ಸಿಪ್ಪೆ ಸಮೇತ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ ಚಮಚದಲ್ಲಿ ಕೆರೆದುಕೊಳ್ಳಿ.

ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಇದರ ಹಾಲು ಒಣಗಿದರೆ ಅಂಗೈ ಚರ್ಮ ಅಂಟು ಹಚ್ಚಿದ ಹಾಗೆ ಬಿಗಿದುಕೊಳ್ಳುತ್ತದೆ. ಎಣ್ಣೆ ಎರಡೂ ಕೈಗೆ ಅಲ್ಲ, ಎಡಗೈಗೆ ಮಾತ್ರ. ಚಾಕು ಹಿಡಿದ ಕೈ ಒಣಗಿರಬೇಕು.

ಗೌರಿಬಿದನೂರು ಮೇಷ್ಟ್ರು · 12:31

ಬೂದುಗುಂಬಳಕ್ಕೂ ಇದನ್ನೇ ಅನ್ವಯಿಸಬಹುದು, ಒಂದು ವ್ಯತ್ಯಾಸ. ಅದರ ಸಿಪ್ಪೆ ಇಷ್ಟು ಗಟ್ಟಿ ಇಲ್ಲ, ಆದರೆ ಮೇಲಿನ ಬೂದಿ ಜಾರುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ.

ಮಾಗಡಿಗೆ ಕೊಟ್ಟ ಮಗಳು · 12:48

ಉಳಿದದ್ದು ಎಷ್ಟು ದಿನ ಇರುತ್ತದೆ? ನಮ್ಮಮ್ಮ ಇಡೀ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಿದ್ದರು.

ಶಿಡ್ಲಘಟ್ಟ ರೇಷ್ಮೆ · 12:55

ಬಲಿತ ಇಡೀ ಕಾಯಿ, ತೊಟ್ಟು ಜೊತೆಗಿದ್ದರೆ, ಗಾಳಿಯಾಡುವ ತಣ್ಣನೆ ಜಾಗದಲ್ಲಿ ಎರಡು ಮೂರು ತಿಂಗಳು ಇರುತ್ತದೆ. ಅದಕ್ಕೇ ತೊಟ್ಟು ಹಿಡಿದು ಎತ್ತಬಾರದು ಅನ್ನುವುದು. ತೊಟ್ಟು ಕಿತ್ತ ಜಾಗದಿಂದಲೇ ಕೊಳೆಯುವುದು. ಕುಯ್ದ ಮೇಲೆ ಬೀಜ, ನಾರು ಪೂರ್ತಿ ಕೆರೆದು, ಸುತ್ತಿ ಫ್ರಿಜ್ಜಿನಲ್ಲಿ ಇಟ್ಟರೆ ನಾಲ್ಕೈದು ದಿನ. ಮೊದಲು ಲೋಳೆಯಾಗುವುದು ಆ ನಾರೇ.

ಕ್ಯಾತ್ಸಂದ್ರದ ಸೊಸೆ · ರಾತ್ರಿ 9:40

ಹುಳಿ ಖಾಲಿ. ಸಿಪ್ಪೆ ಸಮೇತ ಹಾಕಿದ್ದೆ, ಒಬ್ಬರೂ ಚಕಾರ ಎತ್ತಲಿಲ್ಲ. ಒಂದು ದೊಡ್ಡ ಹೋಳು ಮಾಲೀಕರ ಮನೆಗೆ ಮಚ್ಚಿನ ಜೊತೆ ವಾಪಸ್ ಹೋಯಿತು, ಒಂದು ಪಕ್ಕದ ಮನೆಗೆ. ಕುಂಕುಮ ಹಚ್ಚಿದ ಗಂಡಸು "ನಾನೇ ಕಟ್ ಮಾಡಿದ್ದು" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಗುಬ್ಬಿ ಅಜ್ಜಿ, ನಿಮ್ಮ ಮಾತೇ ನಡೆಯಿತು.

ಯಜಮಾನರು ಬಂದು ಬಾಗಿದ ಚಾಕು ನೋಡಿ "ನಾನು ಬರುವ ತನಕ ಕಾಯಬಾರದಿತ್ತಾ" ಅಂದರು. ಇನ್ನೂ ಅರ್ಧ ಕಾಯಿ ಹಾಗೇ ಇದೆ. ಮಣೆಯ ಮೇಲೆ ಕವುಚಿ ಹಾಕಿ, ಈಳಿಗೆ ಪಕ್ಕಕ್ಕಿಟ್ಟು, ಕೊಬ್ಬರಿ ಎಣ್ಣೆ ಬಾಟಲಿ ಕೈಗೆ ಕೊಟ್ಟಿದ್ದೇನೆ.

ಅಡುಗೆ ಭಟ್ಟ, ಮುಳಬಾಗಿಲು · 9:46

ಎಡಗೈಗೆ ಮಾತ್ರ ಅಂತ ಹೇಳಿದಿರಾ?